ಆಟಗಾರನ ಉಂಗುರ ಬೆರಳು

"ಬಲಗೈ ಮುಷ್ಟಿ ಕಟ್ಟಿ" ಎಂದೆ. ಮೂರು ಬೆರಳುಗಳು ಅಂಗೈಗೆ ಬಂದು ಕೂತವು. ಉಂಗುರ ಬೆರಳು ನಡುವಿನ ಗೆಣ್ಣಿನವರೆಗೆ ಬಾಗಿತು, ಅದರ ತುದಿ ಮಾತ್ರ ಯಾರ ಮಾತನ್ನೂ ಕೇಳದ ಹಾಗೆ ನೆಟ್ಟಗೆ ನಿಂತಿತು. ಆ ಗೆಣ್ಣನ್ನು ಗಟ್ಟಿಯಾಗಿ ಹಿಡಿದುಕೊಂಡು, "ಈಗ ತುದಿಯನ್ನಷ್ಟೇ ಬಗ್ಗಿಸಿ" ಎಂದೆ. ಅವರ ಹುಬ್ಬು ಗಂಟಿಕ್ಕಿತು, ಮುಂಗೈಯ ಸ್ನಾಯು ಉಬ್ಬಿತು, ಬೆರಳ ತುದಿ ಅಲುಗಲಿಲ್ಲ.

"ಉಳುಕಿರಬೇಕು ಅಷ್ಟೆ. ಪಕ್ಕದ ಬೆರಳಿಗೆ ಸೇರಿಸಿ ಟೇಪ್ ಸುತ್ತಿಕೊಡಿ, ಸಾಕು" ಎಂದರು ಅವರು.

ಕುವೈತಿನ ಫಹಾಹೀಲ್‌ನಲ್ಲಿರುವ ನಮ್ಮ ಖಾಸಗಿ ಕ್ಲಿನಿಕ್ಕಿನಲ್ಲಿ ನಾನು ಕೈಗಳನ್ನು ನೋಡುವ ಫಿಜಿಯೋಥೆರಪಿಸ್ಟ್. ಪಕ್ಕದ ಅಹ್ಮದಿ ತೈಲದ ಊರಾದ್ದರಿಂದ ಪೈಪಿನ ನಡುವೆ ಸಿಕ್ಕಿದ ಬೆರಳು, ಬಾಗಿಲಿಗೆ ಸಿಕ್ಕಿದ ಬೆರಳು, ಗ್ರೈಂಡರ್ ತಾಗಿದ ಬೆರಳು ನನಗೆ ಹೊಸದಲ್ಲ. ಆದರೆ ಇಂಥ ಕೈಯನ್ನು ನೋಡಿರಲಿಲ್ಲ. ನಲವತ್ತು ದಾಟಿದ, ಬಾಗಿಲಿನ ಚೌಕಟ್ಟಿಗೆ ತಲೆ ತಗ್ಗಿಸಿ ಒಳಬಂದ ಈ ಆಸ್ಟ್ರೇಲಿಯಾದವರ ಹತ್ತು ಬೆರಳಲ್ಲಿ ನೆಟ್ಟಗಿದ್ದವು ಕೆಲವೇ. ಕಿರುಬೆರಳು ಹೊರಕ್ಕೆ ವಾಲಿತ್ತು, ತೋರುಬೆರಳಿನ ಗೆಣ್ಣು ಅಡಿಕೆಯಷ್ಟು ಊದಿ ಗಟ್ಟಿಯಾಗಿತ್ತು. ಕೇಳಿದ್ದಕ್ಕೆ, ತಾನು ಒಂಬತ್ತು ವರ್ಷ ತನ್ನ ದೇಶದ ಫುಟ್‌ಬಾಲನ್ನು ಸಂಬಳಕ್ಕೆ ಆಡಿದವನು ಎಂದರು.

ಆ ಆಟ ನನಗೆ ತಿಳಿದಿರಲಿಲ್ಲ. ಅವರೇ ವಿವರಿಸಿದರು: ಮೊಟ್ಟೆಯಾಕಾರದ ಚೆಂಡು, ಕ್ರಿಕೆಟ್ ಮೈದಾನದಷ್ಟು ದೊಡ್ಡ ಬಯಲು. ಚೆಂಡನ್ನು ಒದೆಯಬಹುದು, ಮೇಲೆ ಹಾರಿ ಹಿಡಿಯಬಹುದು, ಮುಷ್ಟಿಯಿಂದ ಗುದ್ದಿ ಪಕ್ಕದವರಿಗೆ ಕೊಡಬಹುದು. ಅವರು ಹಿಂಭಾಗದ ಆಟಗಾರ. ಎದುರಾಳಿ ತಂಡದಲ್ಲಿ ಅತಿ ದೊಡ್ಡ ಆಳು ಯಾರೋ ಅವನ ಬೆನ್ನಿಗೆ ಅಂಟಿಕೊಂಡಿದ್ದು, ಚೆಂಡು ಅವನ ಕೈಸೇರುವ ಮೊದಲೇ ಗುದ್ದಿ ದೂರ ಕಳಿಸುವುದು ಕೆಲಸ. "ನಾನು ಚೆನ್ನಾಗಿ ಆಡಿದ ದಿನ ಇನ್ನೊಬ್ಬ ಕೆಟ್ಟದಾಗಿ ಆಡಿದ ಅಂತ ಪೇಪರಲ್ಲಿ ಬರ್ತಿತ್ತು" ಎಂದು ನಕ್ಕರು.

ಈಗ ಅವರು ಅಹ್ಮದಿಯ ಹೊರಗಿನ ಒಂದು ತರಬೇತಿ ಕೇಂದ್ರದಲ್ಲಿ, ಎತ್ತರದಲ್ಲಿ ದುಡಿಯುವ ಕೆಲಸಗಾರರಿಗೆ ಹಗ್ಗದ ವಿದ್ಯೆ ಕಲಿಸುತ್ತಿದ್ದರು. ಹಗ್ಗದಲ್ಲಿ ನೇತಾಡುತ್ತಾ ಕೆಲಸ ಮಾಡುವುದು, ನೇತಾಡುತ್ತಲೇ ಪ್ರಜ್ಞೆ ತಪ್ಪಿದವನನ್ನು ಕೆಳಗಿಳಿಸುವುದು. ಶುಕ್ರವಾರ ರಜೆಯ ಬೆಳಗ್ಗೆ ತಮ್ಮ ದೇಶದವರ ಮಕ್ಕಳಿಗೆ ಆ ಆಟ ಹೇಳಿಕೊಡುತ್ತಿದ್ದರು. ಕಳೆದ ಶುಕ್ರವಾರ ಮಕ್ಕಳ ಅಪ್ಪಂದಿರೂ ಸೇರಿ ಆಡಿದ್ದರು. ಓಡುತ್ತಿದ್ದ ಒಬ್ಬರ ಅಂಗಿ ಹಿಡಿದಾಗ ಅವರು ನಿಲ್ಲಲಿಲ್ಲ, ಇವರ ಬೆರಳು ಅಂಗಿಯಲ್ಲೇ ಸಿಕ್ಕಿಕೊಂಡು ಜಗ್ಗಿತು.

ಅದು ಉಳುಕಲ್ಲ. ಬೆರಳ ತುದಿಯನ್ನು ಮಡಿಸುವ ಟೆಂಡನ್, ಅಂದರೆ ಮುಂಗೈಯ ಸ್ನಾಯುವಿನಿಂದ ಹೊರಟು ತುದಿಯ ಮೂಳೆಗೆ ಅಂಟಿಕೊಂಡಿರುವ ಬಿಳಿ ಹುರಿ, ಬುಡಸಮೇತ ಕಿತ್ತು ಬಂದಿತ್ತು. ಕಿತ್ತ ಹುರಿ ಎಳೆದು ಬಿಟ್ಟ ರಬ್ಬರಿನಂತೆ ಅಂಗೈಯ ಕಡೆಗೆ ಸರಿದುಬಿಡುತ್ತದೆ. ದಿನ ಕಳೆದಷ್ಟೂ ಅದನ್ನು ಮತ್ತೆ ತುದಿಗೆ ತಂದು ಕಟ್ಟುವುದು ಕಷ್ಟ. ಕುವೈತ್ ಸಿಟಿಯಲ್ಲಿ ಕೈಯ ಶಸ್ತ್ರಚಿಕಿತ್ಸೆಯಲ್ಲೇ ಪಳಗಿದ ಈಜಿಪ್ಟಿನ ಸರ್ಜನ್ ಒಬ್ಬರಿದ್ದಾರೆ. ಆಟಗಾರ ಎದುರಿಗಿರುವಾಗಲೇ ಅವರಿಗೆ ಫೋನ್ ಮಾಡಿದೆ. ಎರಡು ದಿನದಲ್ಲಿ ಶಸ್ತ್ರಚಿಕಿತ್ಸೆ ಆಯಿತು.

ನನ್ನ ನಿಜವಾದ ಕೆಲಸ ಶುರುವಾದದ್ದು ಆಮೇಲೆ. ಹೊಲಿದ ಟೆಂಡನ್ನಿನದು ಒಂದು ಇಕ್ಕಟ್ಟಿನ ಸ್ಥಿತಿ. ಬೆರಳನ್ನು ಅಲುಗಿಸದೆ ಇಟ್ಟರೆ ಸುತ್ತಲಿನ ಮಾಂಸಕ್ಕೆ ಅಂಟಿಕೊಂಡು ನಿಂತುಬಿಡುತ್ತದೆ, ಬಲ ಕೊಟ್ಟು ಅಲುಗಿಸಿದರೆ ಹರಿದುಹೋಗುತ್ತದೆ. ಮೊದಲ ಕೆಲವು ವಾರ ಹೊಲಿಗೆ ಇನ್ನೂ ಮೆತ್ತಗಾಗುತ್ತದೆಯೇ ಹೊರತು ಗಟ್ಟಿಯಾಗುವುದಿಲ್ಲ. ಅದಕ್ಕಾಗಿ ಕೈಯ ಹಿಂಬದಿಗೆ ಒಂದು ಸ್ಪ್ಲಿಂಟ್ ಮಾಡುತ್ತೇವೆ. ಬಿಸಿನೀರಿನ ಬಾಣಲೆಯಲ್ಲಿ ಪ್ಲಾಸ್ಟಿಕ್ ಹಾಳೆಯನ್ನು ಅದ್ದಿದರೆ ನೀರು ದೋಸೆಯಂತೆ ಮೆತ್ತಗಾಗುತ್ತದೆ. ನೀರೊರೆಸಿ, ನನ್ನ ಮಣಿಕಟ್ಟಿಗೆ ತಾಗಿಸಿ ಬಿಸಿ ಹದ ನೋಡಿ, ರೋಗಿಯ ಕೈಯ ಮೇಲೆ ಹೊದಿಸಿ, ಬೆರಳುಗಳು ಬುಡದಲ್ಲಿ ಬಾಗಿರುವಂತೆ ಒತ್ತಿ ಹಿಡಿದರೆ, ಆರುತ್ತಾ ಆ ಆಕಾರಕ್ಕೇ ಗಟ್ಟಿಯಾಗುತ್ತದೆ. ಆ ಚಾವಣಿಯ ಕೆಳಗೆ ಬೆರಳುಗಳು ಒಳಕ್ಕೆ ಮಡಿಯಬಹುದು, ಹೊರಕ್ಕೆ ಪೂರ್ತಿ ಚಾಚುವಂತಿಲ್ಲ.

"ಸ್ನಾನಕ್ಕೂ ತೆಗೀಬೇಡಿ, ನಿದ್ದೆಗೂ ತೆಗೀಬೇಡಿ, ಕಾರು ಓಡಿಸಲೇಬೇಡಿ. ಇನ್ನೊಂದು ಕೈಯಿಂದ ಬೆರಳನ್ನ ಮೆಲ್ಲಗೆ ಮಡಿಸಿ, ಆಮೇಲೆ ತಾನೇ ಒಂದು ಕ್ಷಣ ಹಿಡಿದುಕೊಳ್ಳಲಿ. ಮೊಟ್ಟೆ ಹಿಡಿದಷ್ಟು ಬಲ, ಅದಕ್ಕಿಂತ ಒಂದು ಚೂರೂ ಜಾಸ್ತಿ ಬೇಡ" ಎಂದೆ.

"ದಿನಕ್ಕೆ ಎಷ್ಟು ಸಲ?"

"ಎಚ್ಚರ ಇದ್ದಾಗ ಗಂಟೆಗೊಮ್ಮೆ."

"ಗಂಟೆಗೆ ಎರಡು ಸಲ ಮಾಡಿದರೆ ಬೇಗ ವಾಸಿ ಆಗುತ್ತಾ?"

"ಇಲ್ಲ."

ಆ ಉತ್ತರ ಅವರಿಗೆ ಹಿಡಿಸಲಿಲ್ಲ. ಕಷ್ಟಪಟ್ಟಷ್ಟೂ ಫಲ ಜಾಸ್ತಿ ಎಂಬ ಲೆಕ್ಕದಲ್ಲೇ ಬದುಕಿದವರು.

ವಾರಕ್ಕೆ ಮೂರು ಸಲ ಬರುತ್ತಿದ್ದರು. ನಮ್ಮ ರಿಸೆಪ್ಷನ್ನಿನಲ್ಲಿರುವ ಉಡುಪಿ ಕಡೆಯ ಹಿರಿಯರಿಗೆ ಅವರೆಂದರೆ ಕುತೂಹಲ. ಒಂದು ದಿನ ಫೋನಿನಲ್ಲಿ ಆ ಆಟದ ವಿಡಿಯೋ ಹುಡುಕಿ ನನಗೆ ತೋರಿಸಿದರು.

"ಇದೆಂತ ಮೇಡಂ, ಫುಟ್‌ಬಾಲಾ ಕಬಡ್ಡಿಯಾ? ಒಬ್ಬ ಇನ್ನೊಬ್ಬನ ಹೆಗಲ ಮೇಲೆ ಹತ್ತಿ ಚೆಂಡು ಹಿಡೀತಾನೆ ಮಾರಾಯ್ರೆ! ಹೆಲ್ಮೆಟ್ಟೂ ಇಲ್ಲ, ಪ್ಯಾಡೂ ಇಲ್ಲ. ಈ ಮನುಷ್ಯನಿಗೆ ಒಂದೇ ಬೆರಳು ಹೋದದ್ದು ಪುಣ್ಯ."

ಕೈಗೆ ಚಿಕಿತ್ಸೆ ನಡೆಯುವಾಗ ರೋಗಿಗೆ ಮಾಡಲು ಬೇರೆ ಕೆಲಸವಿರುವುದಿಲ್ಲ, ನನ್ನ ಎದುರೇ ಕೂತಿರಬೇಕು. ಹಾಗಾಗಿ ಮಾತು ಬರುತ್ತದೆ. ಗೋಧಿ ಬೆಳೆಯುವ ಒಂದು ಸಣ್ಣ ಊರಿನಿಂದ ಹದಿನೆಂಟನೇ ವಯಸ್ಸಿಗೆ ಅವರನ್ನು ದೊಡ್ಡ ತಂಡವೊಂದು ಆರಿಸಿಕೊಂಡಿತ್ತು. ಅಲ್ಲಿಂದ ಮುಂದೆ ಏನು ತಿನ್ನಬೇಕು, ಯಾವಾಗ ಮಲಗಬೇಕು, ಯಾವ ನೋವಿಗೆ ಯಾವ ಇಂಜೆಕ್ಷನ್ ಎಂಬುದನ್ನೆಲ್ಲ ತಂಡವೇ ನೋಡಿಕೊಂಡಿತು. ಮೊಣಕಾಲು ಎರಡು ಸಲ ಹೋಯಿತು, ಎರಡು ಸಲವೂ ಹೇಳಿದ್ದಕ್ಕಿಂತ ಮೊದಲೇ ಮೈದಾನಕ್ಕೆ ಮರಳಿದರು. ಬೆರಳು ಕೀಲು ತಪ್ಪಿದರೆ ಮೈದಾನದ ಗೆರೆಯ ಬಳಿ ಓಡಿ ಬಂದು, ಎಳೆಸಿ ಕೂರಿಸಿಕೊಂಡು, ಟೇಪ್ ಸುತ್ತಿಸಿಕೊಂಡು ಮತ್ತೆ ಓಡುವುದು.

"ಆಮೇಲೆ ಒಂದು ದಿನ ಕರೆದು, ಮುಂದಿನ ವರ್ಷಕ್ಕೆ ನೀನಿಲ್ಲ ಅಂದ್ರು. ನಾನು ಥ್ಯಾಂಕ್ಸ್ ಹೇಳಿ ಎದ್ದು ಬಂದೆ. ಕಾರಲ್ಲಿ ಕೂತ ಮೇಲೆ ಎಲ್ಲಿಗೆ ಹೋಗಬೇಕು ಅಂತ ಗೊತ್ತಾಗಲಿಲ್ಲ. ಆ ಹೊತ್ತಲ್ಲಿ ಒಂಬತ್ತು ವರ್ಷ ಅಭ್ಯಾಸಕ್ಕೇ ಹೋಗ್ತಿದ್ದೆ."

ಮುಂದಿನ ಎರಡು ವರ್ಷದ ಬಗ್ಗೆ ಅವರು ಹೆಚ್ಚು ಹೇಳಲಿಲ್ಲ. ಹಗಲೆಲ್ಲ ಮಲಗಿರುತ್ತಿದ್ದೆ ಎಂದಷ್ಟೇ ಅಂದರು. ಹಳೆಯ ಜೊತೆಗಾರನೊಬ್ಬ ಎತ್ತರದ ಕಟ್ಟಡಗಳ ಗಾಜು ತೊಳೆಯುವ ಕೆಲಸಕ್ಕೆ ಕರೆದೊಯ್ದ. ಹಗ್ಗ ಕೈಗೆ ಸಿಕ್ಕಿದ್ದು ಅಲ್ಲಿ. ಗಾಳಿಯಂತ್ರದ ಕಂಬಗಳು, ಸಮುದ್ರದ ನಡುವಿನ ತೈಲ ಬಾವಿಗಳು, ಕೊನೆಗೆ ಕುವೈತ್. ಹೆಂಡತಿ, ಶಾಲೆಗೆ ಹೋಗುವ ಇಬ್ಬರು ಹೆಣ್ಣುಮಕ್ಕಳು, ಎಲ್ಲರ ಇಕಾಮಾ, ಅಂದರೆ ಇಲ್ಲಿ ವಾಸಿಸುವ ಪರವಾನಗಿ, ಅವರ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದರೆ ಮನೆ, ಶಾಲೆ, ಈ ದೇಶದಲ್ಲಿರುವ ಹಕ್ಕು, ಎಲ್ಲ ಒಟ್ಟಿಗೆ ಹೋಗುತ್ತದೆ. ಇದು ಅವರೊಬ್ಬರ ಕಥೆಯಲ್ಲ, ನಮ್ಮ ಮನೆಯದೂ ಅದೇ. ನನ್ನ ಗಂಡ ಅಹ್ಮದಿಯಲ್ಲಿ ಇಂಜಿನಿಯರ್. ಅವರ ಕಂಪನಿಯಲ್ಲಿ ಯಾರನ್ನೋ ಕೆಲಸದಿಂದ ತೆಗೆದು ಕಳಿಸಿದರಂತೆ ಎಂಬ ಸುದ್ದಿ ಬಂದ ದಿನ ನಾವೂ ಊಟದ ಮೇಜಿನಲ್ಲಿ ಮಾತು ಕಡಿಮೆ ಮಾಡುತ್ತೇವೆ.

ನಾಲ್ಕನೇ ವಾರದವರೆಗೆ ಎಲ್ಲ ಸರಿಯಾಗಿ ನಡೆಯಿತು. ಬೆರಳ ತುದಿ ನಡುಗುತ್ತಾ ನಡುಗುತ್ತಾ ಒಂದಿಷ್ಟು ಬಾಗತೊಡಗಿತ್ತು. ಆ ಭಾನುವಾರ ಅವರು ಒಳಬಂದಾಗಲೇ ಏನೋ ಆಗಿದೆ ಅನಿಸಿತು. ಕೂರುವ ಮೊದಲೇ ಮೇಜಿನ ಮೇಲೆ ಒಂದು ವಸ್ತುವನ್ನಿಟ್ಟರು. ನಾನು ಮಾಡಿಕೊಟ್ಟ ಸ್ಪ್ಲಿಂಟ್ ಎಂದು ಗುರುತಿಸಲು ಸ್ವಲ್ಪ ಹೊತ್ತು ಬೇಕಾಯಿತು. ಬೆರಳುಗಳ ಚಾವಣಿ ಕುಸಿದು, ಬಿಸಿಲಿಗೆ ಕರಗಿದ ಮೇಣದ ಬತ್ತಿಯಂತೆ ಚಪ್ಪಟೆಯಾಗಿತ್ತು.

ಗುರುವಾರ ಸಂಜೆ, ಬಿಸಿಲು ಇನ್ನೂ ಇಳಿಯದ ಹೊತ್ತು, ಕರೆದೊಯ್ಯುವವರು ಬರಲಿಲ್ಲ, ತಾವೇ ಕಾರು ಓಡಿಸಿದ್ದರು. ಸ್ಟಿಯರಿಂಗ್ ಹಿಡಿಯಲು ಅಡ್ಡಿಯೆಂದು ಸ್ಪ್ಲಿಂಟ್ ಬಿಚ್ಚಿ ಮುಂದಿನ ಗಾಜಿನ ಕೆಳಗಿಟ್ಟು, ಅಂಗಡಿಗೆ ಹೋಗಿ ಬಂದಿದ್ದರು. ಇಲ್ಲಿನ ಬೇಸಿಗೆಯಲ್ಲಿ ನಿಲ್ಲಿಸಿದ ಕಾರಿನ ಒಳಗೆ ಏನಾಗುತ್ತದೆ ಎಂದು ಇಲ್ಲಿರುವವರಿಗೆಲ್ಲ ಗೊತ್ತು. ನನ್ನ ಬಾಣಲೆಯ ನೀರು ಮಾಡುವ ಕೆಲಸವನ್ನು ಆ ಬಿಸಿಲೂ ಮಾಡಿತ್ತು.

"ಶುಕ್ರವಾರ, ಶನಿವಾರ ಕ್ಲಿನಿಕ್ ರಜೆ. ನಿಮಗೆ ಫೋನ್ ಮಾಡೋಕೆ ಮುಜುಗರ ಆಯ್ತು" ಎಂದರು.

"ಎರಡು ದಿನ ಸ್ಪ್ಲಿಂಟ್ ಇಲ್ಲದೆ ಇದ್ರಾ?"

"ಮೈದಾನಕ್ಕೆ ಹೋದೆ. ಸುಮ್ಮನೆ ನಿಂತು ನೋಡೋಣ ಅಂತ. ಚೆಂಡು ನನ್ನ ಕಡೆ ಬಂತು. ನಾನು ಯೋಚನೆ ಮಾಡಲಿಲ್ಲ. ಕೈ ತಾನೇ ಮೇಲೆ ಹೋಯ್ತು."

"ಶಬ್ದ ಕೇಳಿಸಿತಾ?"

"ಸಣ್ಣದು. ನೋವೇನೂ ಆಗಲಿಲ್ಲ."

ನೋವಾಗದಿರುವುದೇ ಕೆಟ್ಟ ಸೂಚನೆ. ನಡುವಿನ ಗೆಣ್ಣು ಹಿಡಿದು ತುದಿ ಬಗ್ಗಿಸಿ ಎಂದೆ. ಮೊದಲ ದಿನದ ಹಾಗೇ ನೆಟ್ಟಗೆ ನಿಂತಿತು. ಅಂಗೈಯಲ್ಲಿ ಬೆರಳಾಡಿಸಿದೆ. ಹರಿದ ಹುರಿಯ ಗಂಟು ಬಟಾಣಿಯಷ್ಟು ಗಾತ್ರಕ್ಕೆ ಸಿಕ್ಕಿತು, ಒತ್ತಿದಾಗ ಅವರು ಹಲ್ಲು ಕಚ್ಚಿದರು. ನನಗೆ ಸಿಟ್ಟು ಬಂತು ಎನ್ನುವುದು ನಿಜ. ಆದರೆ ಅವರ ಮುಖ ನೋಡಿ ಅದು ಇಳಿಯಿತು. ಅಷ್ಟು ದೊಡ್ಡ ಆಳು ಕುರ್ಚಿಯ ತುದಿಯಲ್ಲಿ ಕೂತು, ನನ್ನ ಕೈಯಲ್ಲಿದ್ದ ತನ್ನ ಬೆರಳನ್ನು ಬೇರೆ ಯಾರದೋ ಬೆರಳೆಂಬಂತೆ ನೋಡುತ್ತಿದ್ದರು.

ಸರ್ಜನ್ ಮೂರು ದಾರಿ ಹೇಳಿದರು. ಒಂದು, ದೊಡ್ಡ ದಾರಿ: ಬೆರಳೊಳಗೆ ಕೆಲವು ತಿಂಗಳು ಸಿಲಿಕೋನಿನ ಕಡ್ಡಿಯಿಟ್ಟು ಜಾಗ ಮಾಡಿ, ಆಮೇಲೆ ಬೇರೆಡೆಯಿಂದ ಟೆಂಡನ್ ತೆಗೆದು ಅಲ್ಲಿ ಕೂರಿಸುವುದು. ಎರಡು ಶಸ್ತ್ರಚಿಕಿತ್ಸೆ, ಹತ್ತಿರ ಹತ್ತಿರ ಒಂದು ವರ್ಷ, ಆದರೂ ಫಲದ ಖಾತ್ರಿಯಿಲ್ಲ. ಎರಡು, ತುದಿಯ ಗೆಣ್ಣನ್ನು ಒಂದು ಸಣ್ಣ ಸ್ಕ್ರೂ ಹಾಕಿ, ತುಸು ಬಾಗಿದ ಸ್ಥಿತಿಯಲ್ಲಿ ಶಾಶ್ವತವಾಗಿ ಬೆಸೆದುಬಿಡುವುದು. ಅಂಗೈಯ ಗಂಟನ್ನೂ ಆಗಲೇ ತೆಗೆಯುವುದು. ತುದಿ ಇನ್ನೆಂದೂ ಮಡಿಯುವುದಿಲ್ಲ, ಆದರೆ ಜಗ್ಗುವುದೂ ಇಲ್ಲ. ಮೂರು, ಏನೂ ಮಾಡದೆ ಬಿಡುವುದು.

"ದೊಡ್ಡದೇ ಆಗಲಿ" ಎಂದರಂತೆ ಆಟಗಾರ, ವಿವರಣೆ ಮುಗಿಯುವ ಮೊದಲೇ. ಊತ ಇಳಿಯುವವರೆಗೆ ಕಾಯಲು ಸರ್ಜನ್ ಹೇಳಿದರು.

ಆ ಕಾಯುವ ಅವಧಿಯಲ್ಲೇ ಅವರ ಕಂಪನಿಯ ವೈದ್ಯಕೀಯ ತಪಾಸಣೆಯ ಗಡುವು ಬಂತು. ಹಗ್ಗ ಹತ್ತುವ ತರಬೇತುದಾರ ಪ್ರತಿವರ್ಷ ಫಿಟ್ ಎಂದು ತೋರಿಸಬೇಕು. ಕಂಪನಿಯ ವೈದ್ಯರು ನನ್ನ ವರದಿ ಕೇಳಿದ್ದರು: ಹಿಡಿತದ ಬಲ ಎಷ್ಟು?

ಬಲ ಅಳೆಯುವ ಉಪಕರಣ ಕೊಟ್ಟೆ. ಅವರು ಹಿಂಡಿದರು. ಮುಳ್ಳು ನಾನು ಎಣಿಸಿದ್ದಕ್ಕಿಂತ ಮೇಲೆ ಹೋಯಿತು. ಅಷ್ಟು ದೊಡ್ಡ ಕೈ, ಉಳಿದ ಬೆರಳುಗಳೇ ಸಾಕಷ್ಟು ಬಲ ಕೊಟ್ಟಿದ್ದವು. ಕಂಪನಿ ಕೇಳುವ ಮಟ್ಟಕ್ಕಿಂತ ಸ್ವಲ್ಪ ಹೆಚ್ಚೇ ಇತ್ತು.

"ನೋಡಿದ್ರಾ? ಇಷ್ಟು ಬರೆದುಬಿಡಿ. ಸುಳ್ಳೇನಲ್ಲವಲ್ಲ" ಎಂದರು.

ಸುಳ್ಳಲ್ಲ. ಆದರೆ ಒಂದೇ ಸಲ ಹಿಂಡುವುದು ಬೇರೆ, ಭಾರವನ್ನು ಹಿಡಿದುಕೊಂಡೇ ಇರುವುದು ಬೇರೆ. ನಡುಬೆರಳು, ಉಂಗುರ ಬೆರಳು, ಕಿರುಬೆರಳು, ಮೂರನ್ನೂ ಎಳೆಯುವುದು ಹೆಚ್ಚುಕಡಿಮೆ ಒಂದೇ ಸ್ನಾಯು. ಒಂದರಲ್ಲಿ ನೋವಾದರೆ ಉಳಿದವೂ ತಾವಾಗಿ ಸಡಿಲವಾಗುತ್ತವೆ. ಆ ಗಂಟಿನ ಮೇಲೆ ಹಗ್ಗ ಒತ್ತಿದರೆ ಏನಾಗುತ್ತದೆ ಎಂದು ಈ ಉಪಕರಣ ಹೇಳುವುದಿಲ್ಲ.

"ನೀವು ಹಗ್ಗ ಹಿಡಿಯೋದನ್ನ ನೋಡದೆ ನಾನು ಬರೆಯಲ್ಲ" ಎಂದೆ.

"ಇದಕ್ಕಿಂತ ಕೆಟ್ಟ ಕೈಯಲ್ಲಿ ಇಡೀ ಪಂದ್ಯ ಆಡಿದ್ದೀನಿ."

"ಅಲ್ಲಿ ಕೈ ಬಿಟ್ಟರೆ ಚೆಂಡು ಬೀಳ್ತಿತ್ತು."

ಅವರು ಉಪಕರಣವನ್ನು ಮೇಜಿನ ಮೇಲಿಟ್ಟರು. "ಸರಿ. ಬಂದು ನೋಡಿ. ಆಗ ಬರೀತೀರಲ್ಲ?"

ಮನೆಯಲ್ಲಿ ಹೇಳಿದಾಗ ಗಂಡ ಹಿಂದೆಮುಂದೆ ನೋಡಿದರು. "ಅವರ ಕಂಪನಿ, ಅವರ ಡಾಕ್ಟ್ರು. ನಂಬರ್ ಕೇಳಿದ್ದಾರೆ, ನಂಬರ್ ಕೊಡು. ಆಚೆಗಿನದು ಅವರು ನೋಡ್ಕೋತಾರೆ. ನೀನು ಹೋಗಿ ನೋಡಿದ್ಮೇಲೆ ಅದು ನಿನ್ನ ಜವಾಬ್ದಾರಿ ಆಗುತ್ತೆ."

"ನಂಬರ್ ನೋಡಿದಾಗಲೇ ಆಗಿದೆಯಲ್ಲ" ಎಂದೆ. ಅವರು ವಾದ ಬೆಳೆಸಲಿಲ್ಲ. ತರಬೇತಿ ಕೇಂದ್ರ ತಮ್ಮ ಆಫೀಸಿನ ದಾರಿಯಲ್ಲೇ ಇರುವುದರಿಂದ ಬೆಳಗ್ಗೆ ಬಿಟ್ಟು ಹೋಗುತ್ತೇನೆ ಎಂದರು.

ಬೇಸಿಗೆಯಲ್ಲಿ ಅಲ್ಲಿ ಹೊರಗಿನ ಪಾಠಗಳೆಲ್ಲ ಬಿಸಿಲೇರುವ ಮೊದಲೇ ಮುಗಿಯಬೇಕು. ನಾನು ತಲುಪಿದಾಗ ಗಾಳಿಯಲ್ಲಿ ಸಣ್ಣ ಧೂಳಿತ್ತು. ಎರಡು ಮಹಡಿ ಎತ್ತರದ ಕಬ್ಬಿಣದ ಅಟ್ಟಣೆ, ಅದರಿಂದ ಇಳಿಬಿದ್ದ ಹಗ್ಗಗಳು, ಕೆಳಗೆ ನೆರಳಿನ ಬಲೆಯಡಿ ಕೂತ ಹತ್ತು ಹನ್ನೆರಡು ಮಂದಿ ಕೆಲಸಗಾರರು. ನನಗೂ ಒಂದು ಹೆಲ್ಮೆಟ್ ಕೊಟ್ಟರು. ಆಟಗಾರ ಮೇಲೆ ಹತ್ತಿದ ರೀತಿ ನೋಡಿ ನನಗೆ ಸಂತೋಷವೇ ಆಯಿತು. ಅಷ್ಟು ಭಾರದ ದೇಹ, ಒಂದು ಹೆಜ್ಜೆಯೂ ಅವಸರವಿಲ್ಲ. ಕ್ಲಿನಿಕ್ಕಿನ ಕುರ್ಚಿಯಲ್ಲಿ ಕಾಣದ ಮನುಷ್ಯ ಅಲ್ಲಿ ಕಂಡರು.

ಪಾಠ ಇದು: ಹಗ್ಗದಲ್ಲಿ ಪ್ರಜ್ಞೆ ತಪ್ಪಿ ನೇತಾಡುವವನ ಬದಲಿಗೆ ಮರಳು ತುಂಬಿದ ಆಳೆತ್ತರದ ಬೊಂಬೆ. ಅದನ್ನು ಹಗ್ಗದಿಂದ ಸ್ವಲ್ಪ ಮೇಲಕ್ಕೆಳೆದು, ತೂಕ ತಪ್ಪಿಸಿ, ಕೊಂಡಿ ಬಿಚ್ಚಿ, ತನ್ನ ಸೊಂಟದ ಪಟ್ಟಿಗೆ ಸೇರಿಸಿಕೊಂಡು ಇಳಿಸಬೇಕು. ಅವರು ಬಲಗೈಗೆ ಹಗ್ಗ ಹಿಡಿದು ಎಳೆದರು. ಬೊಂಬೆ ಮೇಲೆದ್ದಿತು. ಮತ್ತೆ ಎಳೆದರು. ಅಲ್ಲೇ ಹಿಡಿದುಕೊಂಡು, ಎಡಗೈಯಿಂದ ಕೊಂಡಿ ಬಿಚ್ಚಲು ಚಾಚಿದರು. ಹಿಡಿದುಕೊಂಡೇ ಇರಬೇಕಾದ ಗಳಿಗೆ ಅದು. ಕೆಳಗಿನಿಂದ ನನಗೆ ಅವರ ಮುಂಗೈ ನಡುಗುವುದು ಕಂಡಿತು. ಆಮೇಲೆ ಕೈ ಬಿಚ್ಚಿಕೊಂಡಿತು.

ಬೊಂಬೆ ಒಂದು ತೋಳಿನಷ್ಟು ಕೆಳಗೆ ಬಿದ್ದು, ಎರಡನೇ ಹಗ್ಗದ ರಕ್ಷಣೆಗೆ ಸಿಕ್ಕಿ, ಧಡ್ಡನೆ ನಿಂತಿತು. ಅದಕ್ಕೇ ಇರುವ ಹಗ್ಗ ಅದು. ಯಾರಿಗೂ ಏನೂ ಆಗಲಿಲ್ಲ. ಆದರೆ ಬೊಂಬೆ ಅತ್ತಿತ್ತ ತೂಗುತ್ತಿದ್ದುದನ್ನು ಎಲ್ಲರೂ ನೋಡಿದರು.

ಜೊತೆಗಿದ್ದ ನೇಪಾಳಿ ತರಬೇತುದಾರ ಬೊಂಬೆಯನ್ನು ಇಳಿಸಿದ. ಆಟಗಾರ ಕೆಳಗೆ ಬಂದು ನೇರ ನನ್ನ ಬಳಿಗೆ ಬರುತ್ತಾರೆ ಅಂದುಕೊಂಡೆ. ಬರಲಿಲ್ಲ. ಕೆಲಸಗಾರರ ಎದುರಿಗೆ ಹೋಗಿ ನಿಂತು, ಕೈಗವಸು ಬಿಚ್ಚಿ, ಬಲಗೈ ಎತ್ತಿ ತೋರಿಸಿದರು. ಇಂಗ್ಲಿಷಿನಲ್ಲಿ ಅರ್ಧ, ಜೊತೆಯವರಿಂದ ಕಲಿತ ಹಿಂದಿಯಲ್ಲಿ ಅರ್ಧ.

"ಯೇ ಹಾಥ್ ಠೀಕ್ ನಹೀ. ಮೈ ಛುಪಾಯಾ. ಗಲತ್ ಕಿಯಾ." ಈ ಕೈ ಸರಿಯಿಲ್ಲ, ಮುಚ್ಚಿಟ್ಟೆ, ತಪ್ಪು ಮಾಡಿದೆ. ಇವತ್ತಿನಿಂದ ಮೇಲೆ ಹತ್ತುವುದು ನಾನಲ್ಲ, ಇವರು ಎಂದು ನೇಪಾಳಿಯನ್ನು ತೋರಿಸಿದರು.

ಆಮೇಲೆ ನನ್ನ ಪಕ್ಕದ ಬೆಂಚಿನಲ್ಲಿ ಬಂದು ಕೂತರು. ಬೆವರು ಗಲ್ಲದಿಂದ ತೊಟ್ಟಿಕ್ಕುತ್ತಿತ್ತು.

"ನೋಡಿದ್ದನ್ನ ಬರೀರಿ" ಎಂದರು. "ಮ್ಯಾನೇಜರ್‌ಗೆ ನಾನೇ ಮೊದಲು ಹೇಳ್ತೀನಿ."

ನಾನು ನೀರಿನ ಬಾಟಲಿ ಕೊಟ್ಟೆ. ಅವರು ಕುಡಿದ ಮೇಲೆ ಕೇಳಿದೆ. "ಆಪರೇಷನ್ ವಿಷಯ ಬೇರೆ. ಒಂದು ಮಾತು ಹೇಳಿ, ನಿಮಗೆ ಈ ಕೈ ಯಾತಕ್ಕೆ ಬೇಕು?"

"ಅಂದರೆ?"

"ದಿನಾ ಏನೇನು ಮಾಡಬೇಕು ಈ ಕೈಯಿಂದ?"

"ಹಗ್ಗ ಹಿಡೀಬೇಕು. ಕಾರು ಓಡಿಸಬೇಕು. ಸಣ್ಣ ಮಗಳಿಗೆ ಈಜು ಕಲಿಸ್ತಿದ್ದೀನಿ, ಅವಳ ಹೊಟ್ಟೆ ಕೆಳಗೆ ಕೈ ಕೊಟ್ಟಿರಬೇಕು." ಮತ್ತೆ ಯೋಚಿಸಿದರು. "ಪಿಯಾನೋ ಏನೂ ನುಡಿಸಲ್ಲ."

"ಇದ್ಯಾವುದಕ್ಕೂ ಆ ತುದಿ ಮಡಿಯಲೇಬೇಕು ಅಂತಿಲ್ಲ. ಜಗ್ಗದೆ ಇದ್ದರೆ, ನೋಯದೆ ಇದ್ದರೆ ಸಾಕು. ಯಾವುದು ಒಳ್ಳೇದು ಅಂತ ನಾನು ಹೇಳೋ ಹಾಗಿಲ್ಲ, ಅದು ನಿಮ್ಮದು, ಸರ್ಜನ್‌ದು."

"ತಂಡದಲ್ಲಿದ್ದಾಗ ಈ ಪ್ರಶ್ನೆ ಯಾರೂ ಕೇಳಲಿಲ್ಲ" ಎಂದರು. "ಕೇಳೋ ಅಗತ್ಯ ಇರಲಿಲ್ಲ. ಯಾತಕ್ಕೆ ಅಂತ ಎಲ್ಲರಿಗೂ ಗೊತ್ತಿತ್ತು, ಶನಿವಾರದ ಪಂದ್ಯಕ್ಕೆ."

ಒಂದು ವಾರದ ನಂತರ ಅವರು ಗೆಣ್ಣು ಬೆಸೆಯುವ ಸಣ್ಣ ಶಸ್ತ್ರಚಿಕಿತ್ಸೆಯನ್ನೇ ಆರಿಸಿಕೊಂಡರು. ಆಮೇಲಿನ ದಿನಗಳು ಸುಲಭವಾಗಿದ್ದವು ಎನ್ನಲಾರೆ. ನನ್ನ ವರದಿ ಹೋಗಿತ್ತು, ಅದರಲ್ಲಿ ಸಂಖ್ಯೆಯೂ ಇತ್ತು, ಸಂಖ್ಯೆ ಹೇಳದ್ದೂ ಇತ್ತು. ಮ್ಯಾನೇಜರ್ ಏನನ್ನೂ ತೀರ್ಮಾನಿಸದೆ ವಾರಗಟ್ಟಲೆ ಕಾಯಿಸಿದರು. ಹೆಂಡತಿ ಅಟ್ಟದಿಂದ ಖಾಲಿ ಪೆಟ್ಟಿಗೆಗಳನ್ನು ಕೆಳಗಿಳಿಸಿ ಹಜಾರದಲ್ಲಿಟ್ಟಿದ್ದಾರೆ, ತುಂಬಿಸಿಲ್ಲ, ಒಳಗೂ ಇಟ್ಟಿಲ್ಲ, ದಾಟಿಕೊಂಡೇ ಓಡಾಡುತ್ತಿದ್ದೇವೆ ಎಂದು ಒಮ್ಮೆ ಹೇಳಿದರು. ನಮ್ಮ ಉಡುಪಿಯ ಹಿರಿಯರು ಅವರು ಬಂದಾಗಲೆಲ್ಲ ಚಹಾ ತರಿಸಿಕೊಡುತ್ತಿದ್ದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಈ ಮನುಷ್ಯನ ಕೆಲಸ ಉಳೀಬೇಕು ಮೇಡಂ. ಸತ್ಯ ಹೇಳಿದವನಿಗೆ ಟಿಕೆಟ್ ಕೊಟ್ಟು ಕಳಿಸಿದ್ರೆ ನಾಳೆ ಯಾರು ಹೇಳ್ತಾರೆ?" ಎನ್ನುತ್ತಿದ್ದರು. ನಾನು ಬರೆದದ್ದು ಸರಿ ಎಂದು ಗೊತ್ತಿತ್ತು, ರಾತ್ರಿ ನಿದ್ದೆ ಮಾತ್ರ ಸರಿಯಾಗಿ ಬರುತ್ತಿರಲಿಲ್ಲ.

ಬೆಸೆದ ಬೆರಳಿಗೆ ತುದಿಗಷ್ಟೇ ಒಂದು ಪುಟ್ಟ ಟೋಪಿಯಂಥ ಸ್ಪ್ಲಿಂಟ್ ಸಾಕಾಯಿತು. ಉಳಿದ ಗೆಣ್ಣುಗಳನ್ನು ಮೊದಲ ದಿನದಿಂದಲೇ ಆಡಿಸಿದೆವು. ಈ ಸಲ ಅವರು ಹೇಳಿದ್ದಷ್ಟನ್ನೇ ಮಾಡಿದರು, ಜಾಸ್ತಿಯೂ ಇಲ್ಲ, ಕಡಿಮೆಯೂ ಇಲ್ಲ. ಮೂಳೆ ಕೂಡಿಕೊಂಡಿದೆ ಎಂದು ಸರ್ಜನ್ ಎಕ್ಸ್‌ರೇ ನೋಡಿ ಹೇಳಿದ ಮೇಲೆ, ಕ್ಲಿನಿಕ್ಕಿನ ಮೂಲೆಯಲ್ಲಿ ಒಂದು ರಾಟೆಗೆ ಹಗ್ಗ ಹಾಕಿ, ಮರಳಿನ ಚೀಲ ಕಟ್ಟಿ ಎಳೆಸಿದೆ. ಎಳೆಯುವುದಕ್ಕಿಂತ ಹೆಚ್ಚಾಗಿ ಹಿಡಿದುಕೊಂಡಿರುವುದನ್ನು ಅಭ್ಯಾಸ ಮಾಡಿಸಿದೆ. ಪ್ರತಿ ವಾರ ಚೀಲಕ್ಕೆ ಸ್ವಲ್ಪ ಮರಳು ಹೆಚ್ಚಿಸುತ್ತಾ ಹೋದೆ. ಗಂಟಿದ್ದ ಜಾಗದಲ್ಲಿ ಗಾಯದ ಗುರುತು ಮೆತ್ತಗಾಯಿತು, ನೋವು ಇಳಿಯಿತು.

ಚಳಿ ಶುರುವಾಗುವ ಹೊತ್ತಿಗೆ ಅವರು ಅದೇ ಅಟ್ಟಣೆಯಲ್ಲಿ ಪರೀಕ್ಷೆ ಕೊಟ್ಟು ಪಾಸಾದರು. ಕಂಪನಿ ಅವರನ್ನು ಉಳಿಸಿಕೊಂಡಿತು. ಆದರೆ ದಿನನಿತ್ಯ ಮೇಲೆ ಹತ್ತುವ ಕೆಲಸವನ್ನು ನೇಪಾಳಿ ತರಬೇತುದಾರನಿಗೇ ಬಿಡುವಂತೆ ಇವರೇ ಕೇಳಿಕೊಂಡರಂತೆ. ಕೆಳಗೆ ನಿಂತರೆ ಹತ್ತು ಜನರನ್ನೂ ಒಟ್ಟಿಗೆ ನೋಡಬಹುದು, ಮೇಲಿದ್ದಾಗ ನನ್ನ ಕೈಯನ್ನೇ ನೋಡ್ತಿದ್ದೆ ಎಂದರು. ಚಿಕಿತ್ಸೆ ಮುಗಿಯಿತು. ಅವರನ್ನು ಮತ್ತೆ ನೋಡುವ ಕಾರಣವಿರಲಿಲ್ಲ.

ಕೆಲವು ತಿಂಗಳ ಮೇಲೆ ಒಂದು ಮಧ್ಯಾಹ್ನ ರಿಸೆಪ್ಷನ್ನಿನಿಂದ ಫೋನ್ ಬಂತು. "ಮೇಡಂ, ನಿಮ್ಮ ಆಸ್ಟ್ರೇಲಿಯಾದವರು ಬಂದಿದ್ದಾರೆ. ಜೊತೆಗೆ ನಮ್ಮ ಊರಿನ ಕಡೆಯವನೊಬ್ಬ ಉಂಟು."

ಜೊತೆಗಿದ್ದವರು ಕುಂದಾಪುರ ಕಡೆಯವರು, ಮೂವತ್ತೈದರ ಸುಮಾರಿನ ಸ್ಕ್ಯಾಫೋಲ್ಡರ್. ಎತ್ತರದ ಕೆಲಸಕ್ಕೆ ಕಬ್ಬಿಣದ ಪೈಪುಗಳಿಂದ ಅಟ್ಟಣೆ ಕಟ್ಟುವವರು. ಕಂಪನಿಯ ಸಮವಸ್ತ್ರದಲ್ಲೇ ಬಂದಿದ್ದರು. ಕುರ್ಚಿಯಲ್ಲಿ ಕೂತು, ಬಲಗೈಯನ್ನು ತೊಡೆಗಳ ನಡುವೆ ಇಟ್ಟುಕೊಂಡಿದ್ದರು.

"ಏನಾಯ್ತು? ಕೈ ತೋರಿಸಿ" ಎಂದೆ.

ಕನ್ನಡ ಕೇಳಿ ಅವರು ತಲೆಯೆತ್ತಿದರು. "ಎಂತ ಇಲ್ಲ ಮೇಡಂ. ಪೈಪು ಜಾರುವಾಗ ಹಿಡಿದೆ, ಬೆರಳು ಸಿಕ್ಕಿತು. ಮೂರ್ನಾಲ್ಕು ದಿವಸ ಆಯ್ತು. ನಾನು ಯಾರಿಗೂ ಹೇಳಿರಲಿಲ್ಲ. ಆವತ್ತು ಬೊಂಬೆ ಬಿದ್ದಾಗ ನಾನೂ ಅಲ್ಲಿದ್ದೆ, ನಿಮ್ಮನ್ನು ನೋಡಿದ್ದೇನೆ. ಇವರು ಕೈ ಎತ್ತಿ ಹೇಳಿದ್ರಲ್ಲ, ಅದು ತಲೆಯಲ್ಲೇ ಉಳಿದಿತ್ತು. ಇವತ್ತು ಬೆಳಿಗ್ಗೆ ಇವರಿಗೆ ಹೇಳಿಬಿಟ್ಟೆ. ಹೇಳಿದ ಮೇಲೆ ಹೆದರಿಕೆ ಶುರುವಾಗಿದೆ."

"ಯಾತಕ್ಕೆ ಹೆದರಿಕೆ?"

"ಆಪರೇಷನ್ ಅಂತ ನೀವು ಬರೆದ್ರೆ ಖಲಾಸ್ ಅಲ್ವಾ ಮೇಡಂ. ಊರಿಗೆ ಕಳಿಸ್ತಾರೆ. ಇವರು ದೊಡ್ಡವರು, ಇವರನ್ನ ಇಟ್ಕೊಂಡ್ರು. ನಮ್ಮನ್ನ ಯಾರು ಇಟ್ಕೊಳ್ತಾರೆ?" ಕೈ ಹೊರಗೆ ಬರಲಿಲ್ಲ. "ನೀವು ನೋಡುವುದು ಬೇಡ. ಟೇಪ್ ಸುತ್ತಿ ಕೊಡಿ, ಸಾಕು."

ಆಟಗಾರ ನನ್ನ ಮುಖ ನೋಡಿದರು. ಕುಂದಾಪುರದವರು ಹೇಳಿದ್ದನ್ನು ಇಂಗ್ಲಿಷಿನಲ್ಲಿ ತಿಳಿಸಿದೆ. ಆಟಗಾರ ಎದ್ದು, ಅವರ ಹೆಗಲ ಮೇಲೆ ಕೈಯಿಟ್ಟು, "ತುಮ್ ಬೈಠೋ ಭಾಯಿ" ಎಂದು ಹೊರಗೆ ಹೋದರು.

ಗಾಜಿನ ಬಾಗಿಲಿನಾಚೆ ಅವರು ಫೋನ್ ಕಿವಿಗಿಟ್ಟು ಕಾರುಗಳ ನಡುವೆ ಅತ್ತಿಂದಿತ್ತ ನಡೆಯುವುದು ಕಾಣುತ್ತಿತ್ತು. ಮಾತು ಕೇಳಿಸುತ್ತಿರಲಿಲ್ಲ. ಒಮ್ಮೆ ನಿಂತು ಕೇಳಿಸಿಕೊಂಡರು, ತಲೆಯಾಡಿಸಿದರು, ಮತ್ತೆ ನಡೆದರು. ಒಂದು ಸಲ ಫೋನ್ ಇಟ್ಟರೆಂದುಕೊಂಡೆ, ಇಲ್ಲ, ಇನ್ನೊಬ್ಬರಿಗೆ ಮಾಡುತ್ತಿದ್ದರು. ಕುಂದಾಪುರದವರ ಕಣ್ಣು ಆ ಬಾಗಿಲಿನ ಮೇಲೇ ಇತ್ತು. ನನ್ನ ಮುಂದಿನ ರೋಗಿ ಬಂದು ಕಾಯುತ್ತಿದ್ದರು, ಉಡುಪಿಯ ಹಿರಿಯರು ಅವರಿಗೇನೋ ಹೇಳಿ ಕೂರಿಸಿದರು.

ಆಟಗಾರ ಒಳಬಂದಾಗ ಅಂಗಿ ಬೆವರಿಗೆ ಬೆನ್ನಿಗಂಟಿತ್ತು. ನನ್ನನ್ನು ನೋಡಿ, "ಕನ್ನಡದಲ್ಲೇ ಹೇಳಿ, ತಪ್ಪಾಗಬಾರದು" ಎಂದರು. "ವಾಸಿ ಆಗೋವರೆಗೆ ನನ್ನ ಹತ್ತಿರ ಕೆಳಗಿನ ಕೆಲಸ. ಹಗ್ಗ, ಕೊಂಡಿ ಎಲ್ಲ ಪರೀಕ್ಷೆ ಮಾಡಿ ಇಡೋದು. ಆಮೇಲೆ ಅವರದೇ ಕೆಲಸ ಅವರಿಗೆ. ಮ್ಯಾನೇಜರ್ ಒಪ್ಪಿದ್ದಾರೆ. ನಾನು ಕೇಳಿದ್ದಕ್ಕೆ ಬರಹದಲ್ಲೂ ಕೊಡ್ತಾರೆ."

ನಾನು ಒಂದೊಂದೇ ಮಾತನ್ನು ಕನ್ನಡದಲ್ಲಿ ಹೇಳಿದೆ.

"ಸತ್ಯವಾ ಮೇಡಂ?"

"ಸತ್ಯ. ನನ್ನ ಎದುರಿಗೇ ಹೇಳ್ತಿದ್ದಾರಲ್ಲ."

ಅವರು ಆಟಗಾರನ ಮುಖವನ್ನೊಮ್ಮೆ ನೋಡಿದರು. ಆಮೇಲೆ ಅಲ್ಲಿಯವರೆಗೆ ಬಚ್ಚಿಟ್ಟುಕೊಂಡಿದ್ದ ಕೈಯನ್ನು ಮೆಲ್ಲಗೆ ಹೊರತೆಗೆದು, ಅಂಗೈ ಮೇಲೆ ಮಾಡಿ, ನನ್ನ ಮೇಜಿನ ಮೇಲಿಟ್ಟರು.